ದಿನಕ್ಕೆ ಎರಡು ಸೆಕೆಂಡು ಹಿಂದೆ

ದೊಡ್ಡಪ್ಪ ತೀರಿಕೊಂಡ ಮೇಲೆ ಒಂಬತ್ತು ವರ್ಷ ಆ ಪೆಟ್ಟಿಗೆ ನನ್ನ ಮೇಜಿನ ಮೇಲಿತ್ತು. ಸುಮಾರು ಏಳು ಇಂಚು ಚೌಕದ ಮಹಾಗನಿ ಪೆಟ್ಟಿಗೆ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಎರಡು ಪಕ್ಕಕ್ಕೂ ಹಿಡಿಕೆ. ಮೇಲಿನ ಮುಚ್ಚಳ ಎತ್ತಿದರೆ ಗಾಜಿನ ಇನ್ನೊಂದು ಮುಚ್ಚಳ. ಅದರಡಿ ಹಿತ್ತಾಳೆ ಬಟ್ಟಲೊಳಗೆ ಮುಖ ಮೇಲೆ ಮಾಡಿ ಮಲಗಿದ ಗಡಿಯಾರ. ಪೆಟ್ಟಿಗೆಯನ್ನು ಎತ್ತ ವಾಲಿಸಿದರೂ ಒಳಗಿನ ಬಟ್ಟಲು ಮಾತ್ರ ಸಮತಟ್ಟಾಗಿಯೇ ಉಳಿಯುತ್ತದೆ. ಚಿಕ್ಕವನಿದ್ದಾಗ ನನಗೆ ಅದೊಂದೇ ಆಟ, ಪೆಟ್ಟಿಗೆ ವಾಲಿಸಿ ಬಟ್ಟಲು ನೋಡುವುದು. ದೊಡ್ಡಪ್ಪ ಎಂದೂ ಬೈದವರಲ್ಲ, "ಮೆಲ್ಲಗೆ, ಅದು ಲೆಕ್ಕ ಮಾಡ್ತಾ ಇದೆ" ಎನ್ನುತ್ತಿದ್ದರು.

ದೊಡ್ಡಪ್ಪ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದವರು. ಹಡಗಿನಲ್ಲಿ ನಕ್ಷೆ, ದಾರಿ, ಕ್ರೊನೋಮೀಟರ್ ಎಂಬ ಹಡಗಿನ ನಿಖರ ಗಡಿಯಾರ, ಇವೆಲ್ಲ ವಾಡಿಕೆಯಂತೆ ಸೆಕೆಂಡ್ ಆಫೀಸರನ ಪಾಲು. ಹಳೆಯ ಹಡಗೊಂದನ್ನು ಒಡೆಯಲು ಕಳಿಸುವಾಗ ಅದರ ಕ್ರೊನೋಮೀಟರನ್ನು ದುಡ್ಡು ಕೊಟ್ಟು ಮನೆಗೆ ತಂದಿದ್ದರು, ರಸೀದಿಯನ್ನೂ ಇಟ್ಟುಕೊಂಡಿದ್ದರು. ಆಮೇಲೆ ಮನೆಯಲ್ಲೂ ದಿನಾ ಬೆಳಗ್ಗೆ ಎಂಟಕ್ಕೆ ಅದಕ್ಕೆ ಕೀ ಕೊಡುತ್ತಿದ್ದರು. ಅವರು ಹೋದ ಮೇಲೆ ನಾನು ಕೆಲವು ತಿಂಗಳು ಕೊಟ್ಟೆ. ಊರಿಂದೂರಿಗೆ ಓಡಾಡುವ ಕೆಲಸ ನನ್ನದು. ನಾನಿಲ್ಲದ ಒಂದು ದಿನ ಅದು ನಿಂತಿತು, ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ಕೊನೆಗೆ ನಿಂತೇ ಉಳಿಯಿತು.

ಮಾರುವ ಮಾತು ಮೊದಲು ಎತ್ತಿದವರು ದೊಡ್ಡಮ್ಮ. "ನಿನ್ನ ಕೈಲಿ ಆಗಲ್ಲಪ್ಪ, ನಂಗೂ ಬಗ್ಗಿ ಅದನ್ನ ತಿರುಗಿಸೋಕಾಗಲ್ಲ. ಯಾರಿಗಾದ್ರೂ ಕೊಟ್ಬಿಡು. ಆದ್ರೆ ಓಡಿಸೋರಿಗೆ ಕೊಡು." ಆ ಕೊನೆಯ ಮಾತು ಎಷ್ಟು ಭಾರದ್ದೆಂದು ನನಗೆ ಆಗ ತಿಳಿಯಲಿಲ್ಲ. ಹಳೆಯ ವಸ್ತು, ಕೊಳ್ಳುವವರು ಸಿಗುತ್ತಾರೆ, ಒಂದೆರಡು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲು ಹೋದದ್ದು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ. ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋದೆ. ಓಡುತ್ತದೆ ಎಂದು ತೋರಿಸಬೇಕಲ್ಲ, ಹಾಗಾಗಿ ಮನೆಯಲ್ಲೇ ಕೀ ಕೊಟ್ಟು, ಓಡಿಸಿಕೊಂಡೇ ಹೊರಟಿದ್ದೆ. ಇದು ನಾನು ಮಾಡಿದ ದೊಡ್ಡ ತಪ್ಪು, ಅದರ ವಿಷಯ ಮುಂದೆ ಹೇಳುತ್ತೇನೆ. ವ್ಯಾಪಾರಿ ಪೆಟ್ಟಿಗೆಯನ್ನು ನಾಲ್ಕು ಕಡೆಯಿಂದ ನೋಡಿದರು, ಹಿತ್ತಾಳೆ ಮೂಲೆ ಸವರಿದರು, ಗಡಿಯಾರದ ಕಡೆ ಕಣ್ಣು ಹಾಯಿಸಿದ್ದು ಅರೆ ನಿಮಿಷ. "ಒಳಗಿನದು ಓಡದಿದ್ರೂ ಪರವಾಗಿಲ್ಲ. ಎಲ್ಲಾ ಪಾಲಿಶ್ ಮಾಡಿ, ಬೇಕಾದ್ರೆ ಬ್ಯಾಟರಿ ಮೆಷಿನ್ ಕೂರಿಸ್ತೀವಿ. ದೊಡ್ಡ ಆಫೀಸುಗಳ ಮೇಜಿಗೆ ಚೆನ್ನಾಗಿ ಹೋಗುತ್ತೆ" ಎಂದರು. ಅವರು ಹೇಳಿದ ಬೆಲೆ ಕಡಿಮೆಯೇನೂ ಇರಲಿಲ್ಲ. ಆದರೆ ಬ್ಯಾಟರಿ ಎಂಬ ಮಾತು ಕೇಳಿದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಮುಚ್ಚಳ ಮುಚ್ಚಿ ಎತ್ತಿಕೊಂಡು ಬಂದೆ.

ಮನೆಗೆ ಬಂದು ನೋಡಿದರೆ ಗಡಿಯಾರ ಮೂರು ನಿಮಿಷ ಮುಂದೆ ಹೋಗಿತ್ತು. ಬೆಳಗ್ಗೆಯಷ್ಟೇ ಸರಿ ಇದ್ದದ್ದು! ಅಂದು ರಾತ್ರಿ ನಿದ್ದೆ ಬರಲಿಲ್ಲ. ವಿಚಾರಿಸುತ್ತ ಹೋಗಿ ಕೊನೆಗೆ ಇಂಥ ಗಡಿಯಾರಗಳನ್ನೇ ಜೀವನವಿಡೀ ರಿಪೇರಿ ಮಾಡಿದ ಹಿರಿಯರೊಬ್ಬರನ್ನು ಹಿಡಿದೆ. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಈಗ ಓಡ್ತಾ ಇದೆಯಾ?" ಹೌದೆಂದೆ. "ಹಾಗಾದ್ರೆ ಈಗ ಮುಟ್ಟಬೇಡಿ. ಎರಡು ದಿನ ಕೀ ಕೊಡದೆ ಬಿಡಿ, ತಾನಾಗೇ ನಿಲ್ಲಲಿ. ನಿಂತ ಮೇಲೆ ಬಟ್ಟಲ ಪಕ್ಕದಲ್ಲಿ ಒಂದು ಚಿಕ್ಕ ಹಿತ್ತಾಳೆ ಸನ್ನೆ ಇರುತ್ತೆ, ಅದನ್ನ ತಿರುಗಿಸಿ ಬಟ್ಟಲು ಅಲ್ಲಾಡದ ಹಾಗೆ ಕಟ್ಟಿ. ತೊಡೆ ಮೇಲೆ ಇಟ್ಕೊಂಡು ಬನ್ನಿ, ಕಾರು ಬೇರೆಯವರು ಓಡಿಸಲಿ."

ಅವರ ಕೋಣೆಯಲ್ಲಿ ಕಳೆದ ಆ ಒಂದು ಮಧ್ಯಾಹ್ನದಲ್ಲಿ, ನಲವತ್ತು ವರ್ಷ ನೋಡಿದ್ದ ವಸ್ತು ಏನೆಂದು ನನಗೆ ಮೊದಲ ಸಲ ಗೊತ್ತಾಯಿತು. ಸಮುದ್ರದ ನಡುವೆ ಹಡಗಿಗೆ ತಾನು ಎಷ್ಟು ಉತ್ತರಕ್ಕಿದ್ದೇನೆ ಎಂಬುದನ್ನು ಸೂರ್ಯ, ನಕ್ಷತ್ರ ಹೇಳುತ್ತವೆ. ಎಷ್ಟು ಪೂರ್ವಕ್ಕೆ, ಎಷ್ಟು ಪಶ್ಚಿಮಕ್ಕೆ ಎಂದು ತಿಳಿಯಬೇಕಾದರೆ ಗೊತ್ತಿರುವ ಒಂದು ಜಾಗದಲ್ಲಿ ಈಗ ಗಂಟೆ ಎಷ್ಟೆಂದು ತಿಳಿದು, ಹಡಗಿರುವಲ್ಲಿನ ಗಂಟೆಗೆ ಹೋಲಿಸಬೇಕು. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಹಾಗಾಗಿ ಗಡಿಯಾರ 4 ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಹಡಗು ಒಂದು ನಾಟಿಕಲ್ ಮೈಲಿ ತಪ್ಪುತ್ತದೆ. ಇದಕ್ಕೆ ಪರಿಹಾರ ಕೊಟ್ಟವರಿಗೆ 20,000 ಪೌಂಡ್ ವರೆಗೆ ಬಹುಮಾನ ಎಂದು 1714ರಲ್ಲೇ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿತ್ತು. ಮರಗೆಲಸದ ಮನೆತನದ ಜಾನ್ ಹ್ಯಾರಿಸನ್ ಅದರ ಹಿಂದೆ ಜೀವನವನ್ನೇ ಸವೆಸಿದ. ಅವನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟು, 81 ದಿನದ ಕೊನೆಗೆ ಸುಮಾರು 5 ಸೆಕೆಂಡು ಮಾತ್ರ ತಪ್ಪಿತ್ತು.

"ಆ ಐದು ಸೆಕೆಂಡು ಹೇಗೆ ಬಂತು ಗೊತ್ತಾ?" ಎಂದು ಹಿರಿಯರು ಕೇಳಿದರು. "ಅದು ದಿನಾ ಎಷ್ಟು ಹಿಂದೆ ಬೀಳುತ್ತೆ ಅಂತ ಮೊದಲೇ ನೋಡಿಟ್ಟು, ಅಷ್ಟನ್ನ ಲೆಕ್ಕದಲ್ಲಿ ಕಳೆದ ಮೇಲೆ ಉಳಿದದ್ದು. ಕ್ರೊನೋಮೀಟರು ಸರಿಯಾದ ಟೈಮ್ ತೋರಿಸಬೇಕು ಅಂತ ಯಾರೂ ಕೇಳಲ್ಲ. ದಿನಾ ಒಂದೇ ಸಮನಾಗಿ ತಪ್ಪಬೇಕು, ಅಷ್ಟೇ. ಅದಕ್ಕೆ ರೇಟ್ ಅಂತಾರೆ."

ದೊಡ್ಡಪ್ಪನ ನೋಟುಪುಸ್ತಕಗಳು ನನಗೆ ಆಗ ನೆನಪಾದವು. ಉದ್ದನೆಯ ನಾಲ್ಕು ಪುಸ್ತಕ, ಪ್ರತಿ ಪುಟದಲ್ಲೂ ತಾರೀಕು, ಪಕ್ಕದಲ್ಲೊಂದು ಅಂಕಿ. ಹಿಂದೆ 2.1, ಹಿಂದೆ 2.0, ಹಿಂದೆ 2.3. ರೇಡಿಯೊದ ಸಮಯ ಸಂಕೇತ ಕೇಳುತ್ತ ಅವರು ಬರೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಗಡಿಯಾರ ಸರಿ ಇಲ್ಲ, ಆ ಕಾರಣಕ್ಕೆ ಬರೆದುಕೊಳ್ಳುತ್ತಾರೆ ಎಂದು ಇಷ್ಟು ವರ್ಷ ನಂಬಿದ್ದೆ.

ಇನ್ನು ಕಾರಿನಲ್ಲಿ ಆದದ್ದು. ಈ ಗಡಿಯಾರದ ಹೃದಯ ಡಿಟೆಂಟ್ ಎಂಬ ಪುಟ್ಟ ಉಕ್ಕಿನ ತಡೆ. ಅದರ ಬುಡದ ಸ್ಪ್ರಿಂಗು ಎಷ್ಟು ತೆಳುವೆಂದರೆ ಭೂತಗನ್ನಡಿ ಇಲ್ಲದೆ ನನಗೆ ಕಾಣಲೇ ಇಲ್ಲ. ಅತ್ತಿತ್ತ ತಿರುಗುತ್ತ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರ ಒಮ್ಮೆ ಹೋಗಿ ಬರುವಷ್ಟರಲ್ಲಿ ಡಿಟೆಂಟ್ ಇನ್ನೊಂದು ಹಲ್ಲುಚಕ್ರದ ಒಂದೇ ಒಂದು ಹಲ್ಲನ್ನು ಬಿಡುತ್ತದೆ. ಸೆಕೆಂಡಿನ ಮುಳ್ಳು ಅರ್ಧರ್ಧ ಸೆಕೆಂಡಿಗೆ ಕುಪ್ಪಳಿಸುವುದು ಅದಕ್ಕೇ. ಉಜ್ಜಾಟ ಕಡಿಮೆ, ಬ್ಯಾಲೆನ್ಸಿಗೆ ಹೆಚ್ಚು ಹೊತ್ತು ಯಾರ ತಂಟೆಯೂ ಇಲ್ಲ, ನಿಖರತೆಯೆಲ್ಲ ಅಲ್ಲಿಂದಲೇ ಬರುವುದು. ಬಟ್ಟಲ ತೂಗು ಚೌಕಟ್ಟು ಹಡಗಿನ ಓಲಾಟವನ್ನೇನೋ ತಡೆಯುತ್ತದೆ. ಆದರೆ ಪೆಟ್ಟಿಗೆ ಇದ್ದಲ್ಲೇ ಸುತ್ತಿದ ಹಾಗೆ ಗಕ್ಕನೆ ತಿರುಗಿದರೆ ಡಿಟೆಂಟ್ ಒಂದರ ಬದಲು ಎರಡು ಹಲ್ಲು ಬಿಟ್ಟೀತು, ಇಲ್ಲವೇ ಗಡಿಯಾರ ನಿಂತೇ ಹೋದೀತು. ನಾನು ಓಡುವ ಗಡಿಯಾರ ಇಟ್ಟುಕೊಂಡು ಊರಿನ ತಿರುವುಗಳಲ್ಲೆಲ್ಲ ಕಾರು ತಿರುಗಿಸಿದ್ದೆ. ಡಿಟೆಂಟ್ ಮುರಿಯದೆ ಉಳಿದದ್ದು ದೊಡ್ಡದು.

ಹಿರಿಯರು ಗಡಿಯಾರ ಬಿಚ್ಚಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಎಲ್ಲಕ್ಕಿಂತ ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಹಲ್ಲು ಹಲ್ಲಾಗಿ ಇಳಿಸಿದರು. ಅದನ್ನು ಇಳಿಸದೆ ಬ್ಯಾಲೆನ್ಸ್ ತೆಗೆದು ಡಿಟೆಂಟಿಗೆ ಕೈ ಹಚ್ಚಿದರೆ ಚಕ್ರಗಳೆಲ್ಲ ಕಡಿವಾಣವಿಲ್ಲದೆ ತಿರುಗಿ ಹಲ್ಲುಗಳು ಹಾಳಾಗುತ್ತವಂತೆ. ಮಾಮೂಲಿ ಕೈಗಡಿಯಾರದ ಅನುಭವ ಮಾತ್ರ ಇರುವವರಿಗೆ ಇದನ್ನು ಕೊಡಬೇಡಿ ಎಂದು ಅವರು ಎರಡು ಸಲ ಹೇಳಿದರು, ನಾನೂ ಇಲ್ಲಿ ಹೇಳುತ್ತಿದ್ದೇನೆ. ಒಳಗೆ ಫ್ಯೂಸಿ ಎಂಬ ಶಂಕುವಿನಂಥ ರಾಟೆ, ಅದಕ್ಕೆ ಸುತ್ತಿದ ಸೈಕಲ್ ಚೈನಿನ ಮರಿಯಂಥ ಸರಪಳಿ. ಸ್ಪ್ರಿಂಗು ಬಿಗಿಯಾಗಿದ್ದಾಗ ಸರಪಳಿ ಫ್ಯೂಸಿಯ ಸಣ್ಣ ಸುತ್ತಿನಲ್ಲಿ ಎಳೆಯುತ್ತದೆ, ಸಡಿಲವಾದಂತೆ ದೊಡ್ಡ ಸುತ್ತಿಗೆ ಬರುತ್ತದೆ, ಹೀಗೆ ಚಕ್ರಗಳಿಗೆ ಸಿಗುವ ಬಲ ಸಮನಾಗಿರುತ್ತದೆ. 56 ಗಂಟೆ ಓಡಬಲ್ಲ ಗಡಿಯಾರಕ್ಕೆ ದಿನಾ ಕೀ ಕೊಡುವುದೂ ಇದೇ ಸಮತೆಗಾಗಿ. ಪ್ರತಿದಿನ ಅದೇ ಏಳೂವರೆ ತಿರುವು, ಸ್ಪ್ರಿಂಗಿನ ಅದೇ ಭಾಗ.

ಡಯಲಿನ ಮೇಲೆ ಲಿವರ್‌ಪೂಲಿನ ಒಬ್ಬ ವ್ಯಾಪಾರಿಯ ಹೆಸರಿತ್ತು. ಗಡಿಯಾರ ಮಾಡಿದವನು ಅವನೇ ಎಂದುಕೊಂಡಿದ್ದೆ. ಡಯಲು ಎತ್ತಿದಾಗ ಕೆಳಗಿನ ಹಿತ್ತಾಳೆ ತಟ್ಟೆಯಲ್ಲಿ 'ಜೆ ಪಿ' ಎಂಬ ಸಣ್ಣ ಅಚ್ಚು. ಇಂಗ್ಲೆಂಡಿನಲ್ಲಿ ಆಗ ಲ್ಯಾಂಕಾಶೈರಿಗೆ ಸೇರಿದ್ದ ಪ್ರೆಸ್ಕಟ್ ಊರಿನ ಜೋಸೆಫ್ ಪ್ರೆಸ್ಟನ್ ಮನೆತನದ ಗುರುತು ಅದು. ಕಚ್ಚಾ ಯಂತ್ರವನ್ನು ಅವರು ಮಾಡುವುದು, ಸ್ಪ್ರಿಂಗು, ಬ್ಯಾಲೆನ್ಸು, ಡಿಟೆಂಟ್ ಇವನ್ನು ಬೇರೆ ಬೇರೆ ಕೈಗಳು ಮುಗಿಸುವುದು, ಬಂದರಿನ ವ್ಯಾಪಾರಿ ತನ್ನ ಹೆಸರು ಕೆತ್ತಿಸಿ ಹಡಗಿನವರಿಗೆ ಮಾರುವುದು, ಹೀಗೆ ನಡೆಯುತ್ತಿತ್ತಂತೆ. ಡಯಲು, ಯಂತ್ರ, ಪೆಟ್ಟಿಗೆಯ ಮುಂದಿನ ಬಿಳಿ ಬಿಲ್ಲೆ, ಮೂರರಲ್ಲೂ ಒಂದೇ ನಂಬರು. ಕೊಳ್ಳುವವರು ಹೆಸರಿಗಿಂತ ಮೊದಲು ಇದನ್ನೇ ನೋಡುತ್ತಾರೆ, ಏಕೆಂದರೆ ಒಂದರ ಯಂತ್ರ ಇನ್ನೊಂದರ ಪೆಟ್ಟಿಗೆಗೆ ಸೇರಿರುವುದು ಬಹಳ.

ಆ ಬಿಳಿ ಬಿಲ್ಲೆ ನಮ್ಮನ್ನು ಒಂದು ವಾರ ತಡೆಯಿತು. ಹಳೆಯ ಕ್ರೊನೋಮೀಟರುಗಳಲ್ಲಿ ಅದು ಹೆಚ್ಚಾಗಿ ಆನೆಯ ದಂತ. ದಂತದ ಮಾರಾಟಕ್ಕೆ ಹಲವು ದೇಶಗಳಲ್ಲಿ ತಡೆಯಿದೆ, ಗಡಿ ದಾಟಿಸುವುದಂತೂ ಕಾಗದಪತ್ರವಿಲ್ಲದೆ ಅಪರಾಧ. ಗಡಿಯಾರ ಎಷ್ಟೇ ಹಳೆಯದಿರಲಿ, ಚಿಕ್ಕ ಬಿಲ್ಲೆಯೊಂದು ಇಡೀ ಮಾರಾಟವನ್ನು ಕೆಡಿಸಬಹುದು. ಹಿರಿಯರು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ದಂತವಾದರೆ ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ನವಿರಾದ ಗೆರೆಗಳಿರುತ್ತವೆ. ನಮ್ಮದರಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಕಿರುಗೀರುಗಳು. ಅದು ಮೂಳೆ. ಅವರು ಖಚಿತವಾಗಿ ಹೇಳಿದರೂ ನನಗೆ ಸಮಾಧಾನವಾಗದೆ ಇನ್ನೊಬ್ಬ ತಜ್ಞರಿಂದ ಬರಹದಲ್ಲಿ ಪಡೆದೆ. ಇದನ್ನು ಮಾರಾಟದ ಮೊದಲ ಕೆಲಸವಾಗಿ ಮಾಡಬೇಕಿತ್ತು.

ಶುಚಿ ಮಾಡಿ, ಗಟ್ಟಿಯಾಗಿದ್ದ ಹಳೆಯ ಎಣ್ಣೆ ತೆಗೆದು ಹೊಸ ಎಣ್ಣೆ ಹಾಕಿಸಿದೆ. ಒಣಗಿದ ಎಣ್ಣೆಯಲ್ಲಿ ಓಡಿಸಿದರೆ ತಿರುಗುವ ಮೊನೆಗಳು ಸವೆಯುತ್ತವೆ. ಅಷ್ಟು ಬಿಟ್ಟರೆ ಬೇರೇನೂ ಬೇಡವೆಂದೆ. ಡಯಲಿನಲ್ಲಿ ನಾಲ್ಕರ ಅಂಕಿಯ ಬಳಿ ಒಂದು ಕಂದು ಕಲೆ ಇದೆ. ಹಿರಿಯರು, "ಡಯಲಿಗೆ ಹೊಸದಾಗಿ ಬೆಳ್ಳಿ ಹಿಡಿಸಬಹುದು, ಆದ್ರೆ ನಾನಾದ್ರೆ ಮಾಡಲ್ಲ" ಎಂದರು. ದೊಡ್ಡಮ್ಮನನ್ನು ಕೇಳಿದೆ. "ಆ ಕಲೆ ನಿಮ್ಮ ದೊಡ್ಡಪ್ಪಂದೇ. ಗಾಜು ಬಿಚ್ಚಿ ಮುಳ್ಳು ಸರಿ ಮಾಡ್ತಿದ್ದಾಗ ಹಣೆಯಿಂದ ಬೆವರು ಬಿತ್ತಂತೆ. ಆಮೇಲೆ ಎಷ್ಟು ನೊಂದ್ಕೊಂಡ್ರು! ಇರಲಿ ಬಿಡು" ಎಂದರು. ಪಾಲಿಶ್ ಮಾಡಿದ ಹಿತ್ತಾಳೆಯ ಹೊಳಪು ಬಲ್ಲವರ ಕಣ್ಣಿಗೆ ನಷ್ಟವಾಗಿಯೇ ಕಾಣುತ್ತದೆ. ಯಂತ್ರದ ತಟ್ಟೆಯ ಮೇಲೆ ಮಾಡಿದವನ ಕೈ ಬಿಟ್ಟ ಗುರುತುಗಳು ಒಮ್ಮೆ ಉಜ್ಜಿಹೋದರೆ ಮತ್ತೆ ಬರುವುದಿಲ್ಲ. ಪೆಟ್ಟಿಗೆಗೂ ನಾನು ಹಾಕಿಸಿದ್ದು ಒಂದು ಒಣ ಬಟ್ಟೆಯ ಒರೆಸು ಮಾತ್ರ.

ಆಮೇಲಿನ ಒಂದು ತಿಂಗಳು ನನ್ನ ಜೀವನದ ಅತಿ ಶಿಸ್ತಿನ ತಿಂಗಳು. ಬೆಳಗ್ಗೆ ಎಂಟಕ್ಕೆ ಎಡಗೈಯಲ್ಲಿ ಬಟ್ಟಲನ್ನು ಮೆಲ್ಲಗೆ ಮಗುಚಿ ಹಿಡಿದು, ತಳದ ಚಿಕ್ಕ ಮುಚ್ಚಳ ಸರಿಸಿ, ಕೀ ಹಾಕಿ ಏಳೂವರೆ ತಿರುವು ಎಣಿಸಿ, ಬಟ್ಟಲು ತೂಗಾಡದಂತೆ ಕೈಯಲ್ಲೇ ಹಿಡಿದು ಮತ್ತೆ ಮಲಗಿಸಬೇಕು. ಕೀ ಕೊಟ್ಟು ಎಷ್ಟು ಗಂಟೆಯಾಯಿತೆಂದು ತೋರಿಸುವ, ಹನ್ನೆರಡರ ಕೆಳಗಿನ ಸಣ್ಣ ಮುಳ್ಳು ಸೊನ್ನೆಗೆ ಬಂತೇ ಎಂದು ನೋಡಬೇಕು. ನಿಖರ ಸಮಯಕ್ಕೆ ಹೋಲಿಸಿ ಬರೆಯಬೇಕು. ಶುರು ಮಾಡುವ ಬಗೆಯೇ ಚೆಂದ. ನಿಂತ ಕ್ರೊನೋಮೀಟರು ಕೀ ಕೊಟ್ಟ ಮಾತ್ರಕ್ಕೆ ಓಡುವುದಿಲ್ಲ. ಮುಳ್ಳು ತಿರುಗಿಸುವ ಗೋಜಿಗೆ ಹೋಗದೆ, ಅದು ನಿಂತ ಗಂಟೆ ನಿಮಿಷವೇ ಮತ್ತೆ ಬರುವವರೆಗೆ ಕಾದು, ಆ ಕ್ಷಣಕ್ಕೆ ಪೆಟ್ಟಿಗೆಯನ್ನು ಕೊಂಚ ತಿರುವಿ ಬಿಡುವುದು. ನಮ್ಮದು 10:17ಕ್ಕೆ ನಿಂತಿತ್ತು. ನಾನು, ದೊಡ್ಡಮ್ಮ ಇಬ್ಬರೂ ಮುಕ್ಕಾಲು ಗಂಟೆ ಕಾದೆವು. ಆ ಗಟ್ಟಿ ಟಕ್ ಟಕ್ ಮತ್ತೆ ಮನೆ ತುಂಬಿತು. ದೊಡ್ಡಮ್ಮ ಏನೂ ಹೇಳದೆ ಎದ್ದು ಒಳಗೆ ಹೋದರು.

ಮೊದಲ ವಾರ ಅಂಕಿಗಳು ಅಡ್ಡಾದಿಡ್ಡಿ. ಎರಡನೆಯ ವಾರದಿಂದ ಹಿಂದೆ 2.4, 2.2, 2.3, 2.2. ದೊಡ್ಡಪ್ಪನ ಪುಸ್ತಕದ ಅಂಕಿಗೆ ಅಷ್ಟು ಹತ್ತಿರ ಬಂದದ್ದು ನೋಡಿ ನಾನು ಮಾರುವುದೇ ಬೇಡ ಎಂದೆ. ಒಂದು ತಿಂಗಳು ಮಾತು ಅಲ್ಲಿಗೇ ನಿಂತಿತು. ಮತ್ತೆ ಕೆಲಸದ ಮೇಲೆ ಹೊರಟಾಗ ನಾನೇ ಅದನ್ನು ನಿಲ್ಲಿಸಿ ಹೋಗಬೇಕಾಯಿತು. ವಾಪಸು ಬಂದು ಹರಾಜಿನವರಿಗೆ ಫೋನ್ ಮಾಡಿದೆ.

ಹರಾಜಿನ ಕಥೆ ಚಿಕ್ಕದು. ಅಂದಾಜು ಬೆಲೆ ಹೇಳಿದರು, ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ ನಾವು ಹೇಳಿದೆವು. ಮಾರುವವರ ಕಡೆಯಿಂದಲೂ ಕಮಿಷನ್, ಕೊಳ್ಳುವವರ ಕಡೆಯಿಂದಲೂ ಕಮಿಷನ್, ವಿಮೆ, ಫೋಟೊ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಎಂದು ಕರಾರು ಪೂರ್ತಿ ಓದಿದಾಗಲೇ ತಿಳಿದದ್ದು. ಪಟ್ಟಿ ಅಚ್ಚಾಗಿ ಬಂದಾಗ ನಮ್ಮ ಗಡಿಯಾರದ ಮುಂದೆ 'ಪೆಟ್ಟಿಗೆಯಲ್ಲಿರುವ ಹಳೆಯ ಹಡಗಿನ ಗಡಿಯಾರ' ಎಂದು ಒಂದೇ ಸಾಲು, ಮುಚ್ಚಿದ ಪೆಟ್ಟಿಗೆಯದೇ ಫೋಟೊ. ನಂಬರುಗಳ ಮಾತಿಲ್ಲ, ರೇಟಿನ ಮಾತಿಲ್ಲ, ನೋಟುಪುಸ್ತಕದ ಮಾತಿಲ್ಲ. ತಿದ್ದಲು ಕೇಳಿದರೆ ಹೊತ್ತು ಮೀರಿತ್ತು. ಕನಿಷ್ಠ ಬೆಲೆಯನ್ನು ಯಾರೂ ಮುಟ್ಟಲಿಲ್ಲ. ವಾಪಸು ತಂದೆವು. ಕನಿಷ್ಠ ಬೆಲೆ ಹಾಕಿಸದೆ ಇದ್ದಿದ್ದರೆ ಅಂದೇ ಅದು ಯಾರದೋ ಮೇಜಿಗೆ ಹೋಗಿ ಕೂರುತ್ತಿತ್ತು.

ಆಮೇಲೆ ವಿವರಣೆಯನ್ನು ನಾನೇ ಬರೆದೆ. ಬಿಚ್ಚಿದಾಗ ತೆಗೆದಿದ್ದ ಯಂತ್ರದ ಫೋಟೊಗಳು, ಮೂರು ಕಡೆಯ ನಂಬರು, 'ಜೆ ಪಿ' ಅಚ್ಚು, ಡಯಲಿನ ಕಲೆ, ಹೊರಗಿನ ಸಾಗಣೆ ಪೆಟ್ಟಿಗೆ ಕಳೆದುಹೋಗಿದೆ ಎಂಬುದು, ಬಿಲ್ಲೆ ಮೂಳೆಯದು ಎಂಬ ಪತ್ರ, 30 ದಿನದ ರೇಟು. ಕುಂದುಗಳನ್ನು ಮೊದಲೇ ಹಾಕಿದೆ. ಹಿರಿಯರು ತಮಗೆ ಗೊತ್ತಿದ್ದ ಸಂಗ್ರಾಹಕರಿಗೆಲ್ಲ ಕಳಿಸಿದರು.

ಕೇಳಿದವರು ಆರು ಮಂದಿ. ಅವರಲ್ಲಿ ಇಬ್ಬರದು ಮಾತ್ರ ಖಚಿತ ಮಾತು. ಒಬ್ಬರು ಹೆಚ್ಚು ಹಣ ಹೇಳಿದರು, ಪ್ರಶ್ನೆಯೇ ಕೇಳಲಿಲ್ಲ, ಕೊರಿಯರ್ ಕಳಿಸುತ್ತೇನೆ ಅಂದರು. ಇನ್ನೊಬ್ಬರು ಹಡಗಿನ ಅಧಿಕಾರಿಗಳಾಗಲು ಓದುವವರಿಗೆ ನ್ಯಾವಿಗೇಷನ್ ಕಲಿಸುವ ಮೇಡಂ. ಅವರ ಬೆಲೆ ಹತ್ತನೇ ಒಂದು ಪಾಲು ಕಡಿಮೆ, ಪ್ರಶ್ನೆಗಳು ಮಾತ್ರ ಎರಡು ಪುಟ. ಡಿಟೆಂಟ್ ಮೊದಲಿನದೇ, ಬದಲಾಯಿಸಿದ್ದೇ? ಸರಪಳಿ ಎಲ್ಲಾದರೂ ಬೆಸೆದಿದೆಯೇ? ಹಿಮ್ಮುಖ ತಿರುಗಿಸಿದರೆ ಜಾರಿಬಿಡುವ ಹಳೆಯ ಕೀ ಉಂಟೇ? ಬಿಸಿಲಿನ ದಿನಕ್ಕೂ ಮಳೆಯ ದಿನಕ್ಕೂ ರೇಟಿನಲ್ಲಿ ಎಷ್ಟು ವ್ಯತ್ಯಾಸ? ಕೊನೆಯದಕ್ಕೆ ಉತ್ತರ ನನ್ನ 30 ದಿನದಲ್ಲಿ ಇರಲಿಲ್ಲ, ದೊಡ್ಡಪ್ಪನ ಪುಸ್ತಕಗಳಲ್ಲಿ ಇತ್ತು. "ಆ ಪುಸ್ತಕಗಳೂ ಜೊತೆಗೆ ಬರುತ್ತವೆಯೇ?" ಎಂದು ಅವರು ಕೇಳಿದರು.

ದೊಡ್ಡಮ್ಮ ಒಪ್ಪಲಿಲ್ಲ. "ಗಡಿಯಾರ ಕೊಡು. ಅವರ ಅಕ್ಷರ ನಾನು ಕೊಡಲ್ಲ." ಅದು ನ್ಯಾಯವೇ ಅನ್ನಿಸಿ ನಾನು ಮೇಡಂಗೆ ಹಾಗೇ ತಿಳಿಸಿದೆ. ಬೆಲೆ ಇಳಿಸುತ್ತಾರೇನೋ ಎಂದುಕೊಂಡಿದ್ದೆ. ಇಳಿಸಲಿಲ್ಲ. ಪ್ರತಿ ಪುಟದ ಫೋಟೊ ಸಿಕ್ಕರೆ ಸಾಕು ಎಂದರು. ನಾಲ್ಕು ಪುಸ್ತಕದ ಫೋಟೊ ತೆಗೆಯಲು ನನಗೆ ಎರಡು ಭಾನುವಾರ ಹಿಡಿಯಿತು, ದೊಡ್ಡಮ್ಮ ಪಕ್ಕದಲ್ಲಿ ಕೂತು ಪುಟ ಮಗುಚಿದರು. ಎರಡನೆಯ ಭಾನುವಾರ ಮುಗಿಯುವ ಹೊತ್ತಿಗೆ ಮೊದಲ ಪುಸ್ತಕವನ್ನು ತಾವೇ ಬದಿಗಿಟ್ಟು, "ಇದೊಂದು ಅವರಿಗಿರಲಿ, ಹಡಗಲ್ಲಿದ್ದಾಗಿಂದು. ಮನೇಲಿ ಬರೆದದ್ದು ನನಗೆ" ಎಂದರು.

ಮೇಡಂ ಕೊರಿಯರನ್ನು ನಂಬಲಿಲ್ಲ, ಸ್ವತಃ ಬಂದರು. ಹಿರಿಯರು ಅವರೆದುರೇ ಸ್ಪ್ರಿಂಗಿನ ಬಿಗಿ ಇಳಿಸಿ, ಬ್ಯಾಲೆನ್ಸ್ ಚಕ್ರ ಅಲುಗದಂತೆ ಅದರಡಿ ತೆಳುವಾದ ಎರಡು ಬೆಂಡಿನ ಚೂರು ಸೇರಿಸಿ, ಬಟ್ಟಲನ್ನು ಲಾಕ್ ಮಾಡಿದರು. ಬೆಂಡು ತೆಗೆಯದೆ ಕೀ ಕೊಡಬಾರದೆಂದು ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಗಾಜಿನ ಮುಚ್ಚಳಕ್ಕೆ ಕಟ್ಟಿದರು. ಹಣ ಬಂದದ್ದನ್ನು ನೋಡಿಕೊಂಡು ನಾನು ಮಾರಾಟದ ಪತ್ರಕ್ಕೆ ಸಹಿ ಹಾಕಿದೆ. ನಂಬರು, ಸ್ಥಿತಿ, ಏನೇನು ಜೊತೆಗೆ ಕೊಟ್ಟಿದ್ದೇವೆ ಎಲ್ಲ ಅದರಲ್ಲಿತ್ತು. ದೊಡ್ಡಪ್ಪನ ಹಳೆಯ ರಸೀದಿಯನ್ನೂ ಸೇರಿಸಿದೆ. ಮೇಡಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಕಾರು ಬೇರೆಯವರು ಓಡಿಸಿದರು.

ಅದು ಹೋದ ಮೇಲೆ ಮೇಜಿನ ಮೇಲೆ ಏಳು ಇಂಚಿನ ಒಂದು ಚೌಕ, ಸುತ್ತಲಿನ ಮರಕ್ಕಿಂತ ಗಾಢ ಬಣ್ಣದ್ದು. ಹತ್ತು ದಿನ ಯಾವ ಸುದ್ದಿಯೂ ಇಲ್ಲ. ಹನ್ನೊಂದನೆಯ ದಿನ ಮೇಡಂ ಸಂದೇಶ ಕಳಿಸಿದರು, ಬರೀ ಅಂಕಿಗಳು: ಹಿಂದೆ 2.9, 2.8, 2.9, 2.9. ನನಗೆ ಗಾಬರಿಯಾಯಿತು, ದಾರಿಯಲ್ಲಿ ಏನಾದರೂ ಆಯಿತೇ ಎಂದು. ದೊಡ್ಡಮ್ಮನ ಕೋಣೆಗೆ ಹೋಗಿ, ಎರಡಿದ್ದದ್ದು ಮೂರರ ಹತ್ತಿರ ಹೋಗಿದೆಯಂತೆ ಎಂದೆ.

ದೊಡ್ಡಮ್ಮ ಫೋನು ಇಸ್ಕೊಂಡು ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಇನ್ನೊಂದೂರಿಗೆ ಹೋಗಿದೆ, ಬದಲಾಗ್ದೆ ಇರುತ್ತಾ? ದಿನಾ ಅಷ್ಟೇ ಇದೆಯಲ್ಲ" ಎಂದರು. ಆಮೇಲೆ ದೊಡ್ಡಪ್ಪನ ಕೊನೆಯ ಪುಸ್ತಕ ತೆಗೆಸಿ, ಖಾಲಿ ಇದ್ದ ಪುಟದಲ್ಲಿ ಆ ನಾಲ್ಕು ಅಂಕಿಗಳನ್ನು ಒಂದರ ಕೆಳಗೊಂದು ಬರೆಯಲು ನನಗೆ ಹೇಳಿದರು.